ಮುಂದಿನ ಸೀಟಿನ ಕೊಡೆ

ನಮ್ಮ ಮನೆಯ ಮುಂಬಾಗಿಲ ಹಿಂದೆ, ಮೊಳೆಯೊಂದಕ್ಕೆ ಒಂದು ಕೊಡೆ ತೂಗುತ್ತಿರುತ್ತದೆ. ಕಪ್ಪೆಂದು ಕೊಂಡದ್ದು, ಈಗ ಅದರ ಬಣ್ಣ ಯಾವುದೆಂದು ಆಣೆಯಿಟ್ಟು ಹೇಳುವ ಧೈರ್ಯ ನನಗಿಲ್ಲ. ಬಾಗಿದ ಬೆತ್ತದ ಹಿಡಿ ಕೈಬೆವರು ಕುಡಿದು ಮಿರಿಮಿರಿ ಮಿಂಚುತ್ತದೆ, ಎಂಟು ಕಡ್ಡಿಗಳಲ್ಲಿ ಒಂದು ಎಂದೋ ಮುರಿದಿದೆ, ಬಿಚ್ಚಿದರೆ ಒಂದು ಮೂಲೆ ಮುದಿ ಹಸುವಿನ ಕಿವಿಯ ಹಾಗೆ ಜೋಲುತ್ತದೆ. ಪ್ರತಿ ದೀಪಾವಳಿಗೆ ಮನೆ ಚೊಕ್ಕಟ ಮಾಡುವಾಗ ನನ್ನ ಹೆಂಡತಿ ಅದನ್ನು ಗುಜರಿಯ ರಾಶಿಗೆ ಹಾಕುತ್ತಾಳೆ; ನಾನು ಸದ್ದಿಲ್ಲದೆ ಎತ್ತಿ ತಂದು ಅದೇ ಮೊಳೆಗೆ ಸಿಕ್ಕಿಸುತ್ತೇನೆ. "ಮಳೆಗೂ ಆಗದ, ಬಿಸಿಲಿಗೂ ಆಗದ ಇದನ್ನು ಎಂತಕ್ಕೆ ಇಟ್ಕೊಂಡಿದ್ದೀರಿ?" ಎನ್ನುತ್ತಾಳೆ ಅವಳು. ಅದೇ ಪ್ರಶ್ನೆಯನ್ನು ನನ್ನನ್ನು ನೋಡಿ ತನಗೆ ತಾನೇ ಕೇಳಿಕೊಳ್ಳುವ ಸಂಭವವೂ ಇರುವುದರಿಂದ ನಾನು ಮಾತು ಬೆಳೆಸುವುದಿಲ್ಲ. ನಿಮ್ಮ ಹತ್ತಿರವಾದರೆ ಹೇಳಿಕೊಳ್ಳಬಹುದು. ಜೀಪಿನ ಮುಂದಿನ ಸೀಟಿನಲ್ಲಿ ಒಂದು ಮಳೆಗಾಲವಿಡೀ ನನ್ನ ಹೆಸರಿನಲ್ಲಿ ಪ್ರಯಾಣ ಮಾಡಿದ ಕೊಡೆ ಅದು.

ಈ ಕತೆ ನೆನಪಾಗಲು ಕಾರಣ ಮೊನ್ನೆಯ ಭಾನುವಾರದ ಪುರವಣಿ. ನಗರಗಳಲ್ಲಿ ಒಂದೊಂದು ಕಾರಿನಲ್ಲಿ ಒಬ್ಬೊಬ್ಬರೇ ಕುಳಿತು ಕಚೇರಿಗೆ ಹೋಗುವುದರಿಂದ ರಸ್ತೆ ಕಟ್ಟಿಕೊಳ್ಳುತ್ತದೆಂದೂ, ಗಾಳಿ ಕೆಡುತ್ತದೆಂದೂ, ಆದ್ದರಿಂದ ಒಂದೇ ದಾರಿಯ ನಾಲ್ವರು ಒಂದೇ ಕಾರಿನಲ್ಲಿ ಹೋಗುವುದು ಕ್ಷೇಮವೆಂದೂ ಅದರಲ್ಲಿ ಬರೆದಿದ್ದರು. ಇದಕ್ಕೆ ಕಾರ್ ಪೂಲಿಂಗ್ ಎಂಬ ಹೆಸರಿಟ್ಟು, ತೀರ ಹೊಸ ಆಲೋಚನೆಯೆಂದು ಲೇಖಕರು ಸಂಭ್ರಮಿಸಿದ್ದರು. ನಾಲ್ವರು! ನಮ್ಮ ಮೂಡಿಗೆರೆಯ ಬಸ್ ಸ್ಟ್ಯಾಂಡಿನ ಬದಿಯಲ್ಲಿ ನಿಲ್ಲುವ ಜೀಪುಗಳಲ್ಲಿ ನಾಲ್ವರು ಕುಳಿತಿದ್ದರೆ ಅದನ್ನು ಖಾಲಿ ಜೀಪು ಎನ್ನುತ್ತಾರೆ. ಒಂದು ಜೀಪಿಗೆ ಎಷ್ಟು ಜನ ಹಿಡಿಯುತ್ತಾರೆಂಬ ಪ್ರಶ್ನೆಗೆ ಈ ಬೆಟ್ಟಸೀಮೆಯಲ್ಲಿ ಒಂದೇ ಉತ್ತರ: ಇನ್ನೊಬ್ಬರು. ಪುರವಣಿಯನ್ನು ಮಡಿಸಿಟ್ಟು ನಗಲು ಹೊರಟೆ. ಆಗಲೇ ಬಾಗಿಲ ಹಿಂದಿನ ಕೊಡೆ ಕಣ್ಣಿಗೆ ಬಿತ್ತು, ನಗು ಅಲ್ಲಿಗೇ ನಿಂತಿತು. ಏಕೆಂದರೆ ಒಬ್ಬನೇ ಒಂದು ಕಾರಿನಲ್ಲಿ ಕುಳಿತು ಊರೂರು ಮೆರೆದ ಮಹಾನುಭಾವರಲ್ಲಿ ನಾನೂ ಒಬ್ಬ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಜಾವಳಿಯ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು, ವಾಸ ಮೂಡಿಗೆರೆಯಲ್ಲಿ. ದಿನವೂ ಬೆಳಿಗ್ಗೆ ಹಮೀದಣ್ಣನ ಜೀಪಿನಲ್ಲಿ ಹೋಗುವುದು, ಸಂಜೆ ಅದರಲ್ಲೇ ಬರುವುದು. ಹಮೀದಣ್ಣ ಮೊದಲು ಚಿಕ್ಕಮಗಳೂರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವನು. ಎಂಜಿನ್ನಿನ ಕೆಮ್ಮು ಕೇಳಿಯೇ ಕಾಯಿಲೆ ಹೇಳುವಷ್ಟು ನಿಷ್ಣಾತ. ಮುಂದಿನ ಸೀಟಿನಲ್ಲಿ ಅವನ ಪಕ್ಕ ಇಬ್ಬರು, ಹಿಂದೆ ಎದುರುಬದುರಿನ ಎರಡು ಹಲಗೆಗಳ ಮೇಲೆ ಹನ್ನೊಂದೋ ಹನ್ನೆರಡೋ ಜನ, ಅವರ ಕಾಲುಗಳ ನಡುವೆ ಗೊಬ್ಬರದ ಚೀಲ, ಬಾಳೆಗೊನೆ, ಒಮ್ಮೊಮ್ಮೆ ಕೋಳಿ. ಈ ಇಕ್ಕಟ್ಟಿಗೂ ಒಂದು ಸಂವಿಧಾನವಿತ್ತು. ಜೀಪು ತುಂಬುವವರೆಗೆ ಕಾಫಿ ಕುಡಿಯಲು ಹೋಗುವವರು ಸೀಟಿನ ಮೇಲೆ ಏನಾದರೊಂದು ವಸ್ತು ಇಟ್ಟು ಹೋಗುತ್ತಿದ್ದರು: ಟವೆಲು, ಕೈಚೀಲ, ಕತ್ತಿ, ಒಮ್ಮೆ ಒಂದು ಒಂಟಿ ಚಪ್ಪಲಿ. ವಸ್ತು ಇದ್ದಲ್ಲಿ ಮನುಷ್ಯ ಇದ್ದಾನೆಂದೇ ಲೆಕ್ಕ. ಆ ಚಪ್ಪಲಿಯನ್ನು ಸರಿಸಿ ಕುಳಿತವರನ್ನು ನಾನು ನೋಡಿಲ್ಲ.

ಮುಂದಿನ ಸೀಟಿನ ಎಡತುದಿ ನನ್ನದು. ಯಾರೂ ಬರೆದುಕೊಟ್ಟದ್ದಲ್ಲ, ಮೇಷ್ಟ್ರೆಂಬ ಗೌರವಕ್ಕೆ ಬಂದದ್ದು. ನನ್ನ ಪ್ರತಿನಿಧಿಯಾಗಿ ಅಲ್ಲಿ ಈ ಕೊಡೆ ಕೂರುತ್ತಿತ್ತು. ಬಣಕಲ್ಲಿನಲ್ಲಿ ಲೀಲಕ್ಕ ಹತ್ತುತ್ತಿದ್ದರು. ಅವರು ಜಾವಳಿ ಕಡೆಯ ಊರುಗಳಿಗೆ ನರ್ಸಮ್ಮ. ಬೆನ್ನಿಗೆ ಚುಚ್ಚುಮದ್ದಿನ ಡಬ್ಬಿ ನೇತುಹಾಕಿಕೊಂಡು ತೋಟದ ಕೂಲಿಯವರ ಲೈನುಮನೆಗಳನ್ನೆಲ್ಲ ನಡೆದೇ ಸುತ್ತುವವರು. ಹಾಗೆ ಸುತ್ತಿ ಸುತ್ತಿ ಅವರ ಎರಡು ಮಂಡಿಗಳೂ ಸವೆದಿದ್ದವು. ನಡುದಾರಿಯಲ್ಲಿ ಹತ್ತುವವರಾದ್ದರಿಂದ ಅವರಿಗೆ ಸಿಗುತ್ತಿದ್ದದ್ದು ಹಿಂದಿನ ಹಲಗೆಯ ಕಟ್ಟಕಡೆಯ ತುದಿ, ಕಾಲು ಚಾಚಲು ಜಾಗವಿಲ್ಲದ, ಪ್ರತಿ ಗುಂಡಿಯನ್ನೂ ಮೊದಲು ಬೆನ್ನುಮೂಳೆಗೆ ವರದಿ ಮಾಡುವ ತುದಿ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಮುಂದೆ ಕುಳಿತವನಿಗೆ ಕಾಣುವುದು ಮುಂದಿನ ರಸ್ತೆ ಮಾತ್ರ. ಬೆನ್ನಿಗೆ ಕಣ್ಣಿಲ್ಲವೆಂಬ ಸಂಗತಿಯನ್ನು ಮಕ್ಕಳಿಗೆ ಪಾಠ ಹೇಳುತ್ತಿದ್ದ ನಾನೇ ಅದಕ್ಕೆ ಉದಾಹರಣೆಯಾಗಿದ್ದೆ.

ಇಂಥ ಸುಖಾಸನವಿದ್ದರೂ ನನಗೆ ಕಾರಿನ ಹುಚ್ಚು ಹಿಡಿಯಿತು. ಹಿಡಿಸಿದ್ದು ಒಂದು ಕೋಳಿ. ಮೂಡಿಗೆರೆಯಿಂದ ಜಾವಳಿಯ ತಮ್ಮ ತೋಟಕ್ಕೆ ದಿನವೂ ಹೋಗುತ್ತಿದ್ದ ಸುಬ್ಬೇಗೌಡರೆಂಬ ಸಣ್ಣ ಹಿಡುವಳಿದಾರರು ಬುಟ್ಟಿಯಲ್ಲಿ ತರುತ್ತಿದ್ದ ಹೇಂಟೆಯೊಂದು, ಶಾಲಾ ತಪಾಸಣೆಗೆ ಇನ್ಸ್‌ಪೆಕ್ಟರು ಬರುವ ದಿನವೇ, ಹಿಂದಿನಿಂದ ಹಾರಿ ನನ್ನ ಬಿಳಿ ಅಂಗಿಯ ಹೆಗಲ ಮೇಲೆ ಕೂತು ತನ್ನ ಅಭಿಪ್ರಾಯವನ್ನು ದಾಖಲಿಸಿತು. "ಎಂತ ಮಾರಾಯ್ರೆ, ಅದಕ್ಕೆ ನೀವೆಂದ್ರೆ ಭಾರಿ ಸಲಿಗೆ" ಎಂದರು ಸುಬ್ಬೇಗೌಡರು. ಜೀಪೆಲ್ಲ ನಕ್ಕಿತು. ನಾನು ನಗಲಿಲ್ಲ. ವಿದ್ಯಾವಂತನೊಬ್ಬನ ಘನತೆಗೆ ನಾಲ್ಕು ಚಕ್ರ ಮತ್ತು ನಾಲ್ಕು ಬಾಗಿಲುಗಳ ಅವಶ್ಯಕತೆಯಿದೆ ಎಂದು ಅಂದೇ ತೀರ್ಮಾನಿಸಿದೆ. ಬೇಸಿಗೆ ರಜೆಯೆಲ್ಲ ಹುಡುಕಿ, ಚಿಕ್ಕಮಗಳೂರಿನಲ್ಲಿ ಯಾರೋ ಬಳಸಿ ಬಿಟ್ಟ ಕೆನೆಬಣ್ಣದ ಕಾರೊಂದನ್ನು ಗೊತ್ತುಮಾಡಿದೆ. ಅದರ ಹಿಂದಿನ ಒಡೆಯರು ಅದನ್ನು ಕೊಟ್ಟ ಸಂತೋಷವನ್ನು ನೋಡಿದಾಗಲಾದರೂ ನನಗೆ ಅನುಮಾನ ಬರಬೇಕಿತ್ತು.

ಶಾಲೆ ತೆರೆದು ಎರಡನೆಯ ವಾರ ಕಾರು ಮನೆಗೆ ಬರುವುದಿತ್ತು. ಹಿಂದಿನ ಸಂಜೆ ಜೀಪಿನಲ್ಲಿ ಸುದ್ದಿ ಹೊರಬಿತ್ತು. ಎಲ್ಲರೂ ಸಂತೋಷಪಟ್ಟರು. ನನಗೋ ಒಳಗೆ ಹಿಗ್ಗು, ಹೊರಗೆ ಸಂಕೋಚ. ನಮ್ಮ ಕಡೆ ಒಂದು ರೋಗವಿದೆ: ದೊಡ್ಡ ವಸ್ತು ಕೊಂಡವನು ಅದನ್ನು ಬಾಯಿತುಂಬ ಹಳಿಯಬೇಕು. ಹೊಸ ಮನೆ ಕಟ್ಟಿದವರು "ಏನೋ ಒಂದು ಸೂರು" ಎನ್ನುತ್ತಾರೆ. ಊಟಕ್ಕೆ ಹದಿನಾರು ಬಗೆ ಮಾಡಿದವರು "ಎಂತದೂ ಇಲ್ಲ, ಬರೀ ಅನ್ನ ಸಾರು" ಎನ್ನುತ್ತಾರೆ. ನಾನೂ ಶಿಷ್ಟಾಚಾರ ಬಿಡಲಿಲ್ಲ. "ಅಯ್ಯೋ, ಅದೆಂಥ ಕಾರು ಹಮೀದಣ್ಣ, ಹಳೇ ಡಬ್ಬ. ಯಾವತ್ತು ಎಲ್ಲಿ ಕೈಕೊಡ್ತದೋ. ಕೊನೆಗೆ ನಿನ್ನ ಜೀಪೇ ನನಗೆ ಗತಿ. ನನ್ನ ಸೀಟು ನನಗೇ ಇರಲಿ ಮಾರಾಯ" ಎಂದೆ. ಹಮೀದಣ್ಣ ಗಂಭೀರವಾಗಿ ತಲೆಯಾಡಿಸಿದ. ಮಾತಿನ ಮೋಡಿಗೆ ನಾನೇ ಮರುಳಾಗಿ ಇಳಿದೆ. ಕೊಡೆ ಅಲ್ಲೇ ಉಳಿಯಿತು. ಮನೆ ಸೇರಿದ ಮೇಲೆ ನೆನಪಾಯಿತು. ಕಾರಿದ್ದವನಿಗೆ ಕೊಡೆ ಯಾಕೆ ಎಂದುಕೊಂಡೆ.

ಮರುದಿನದಿಂದ ನನ್ನ ಏಕಾಂಗಿ ದಿಗ್ವಿಜಯ ಶುರುವಾಯಿತು. ಗಾಜು ಏರಿಸಿದರೆ ಹೊರಗಿನ ಲೋಕಕ್ಕೆ ಸದ್ದೇ ಇಲ್ಲ. ಯಾರ ಮೊಣಕೈಯೂ ಪಕ್ಕೆಗೆ ತಿವಿಯುವುದಿಲ್ಲ, ಯಾರ ಬೀಡಿಯ ಹೊಗೆಯೂ ಇಲ್ಲ, ಯಾವ ಹೇಂಟೆಗೂ ನನ್ನ ಮೇಲೆ ಸಲಿಗೆಯಿಲ್ಲ. ಮೊದಲ ವಾರ ಇದನ್ನೇ ಸ್ವರ್ಗವೆಂದುಕೊಂಡೆ. ಎರಡನೆಯ ವಾರಕ್ಕೆ ಸ್ವರ್ಗದಲ್ಲಿ ಮಾತನಾಡಲು ಜನವಿಲ್ಲವೆಂಬುದು ಗೊತ್ತಾಗಿ, ತಿರುವುಗಳಲ್ಲಿ ಕಾರಿನ ಜೊತೆಗೇ ಮಾತನಾಡತೊಡಗಿದೆ. ಜೀಪಿನಲ್ಲಿದ್ದಾಗ ಯಾರ ತೋಟದಲ್ಲಿ ಕೊಳೆರೋಗ ಬಂತು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾವ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕೆಲಸ ಬಿಟ್ಟರು ಎಂಬುದೆಲ್ಲ ಶಾಲೆ ಮುಟ್ಟುವಷ್ಟರಲ್ಲಿ ತಿಳಿದಿರುತ್ತಿತ್ತು. ಈಗ ಅಷ್ಟೂ ಸುದ್ದಿ ನನ್ನ ಪಾಲಿಗೆ ಬತ್ತಿಹೋಯಿತು, ನನ್ನ ಮಟ್ಟಿಗೆ ಊರಿನಲ್ಲಿ ಯಾರೂ ಹುಟ್ಟಲಿಲ್ಲ, ಸಾಯಲಿಲ್ಲ.

ದಾರಿಯಲ್ಲಿ ಕೈ ಅಡ್ಡ ಹಿಡಿಯುವವರ ಸಮಸ್ಯೆಯೂ ಇತ್ತು. ಈ ಬೆಟ್ಟಗಳಲ್ಲಿ ಖಾಲಿ ಗಾಡಿ ಓಡಿಸಿಕೊಂಡು, ಕೈ ಎತ್ತಿದವರನ್ನು ಬಿಟ್ಟು ಮುಂದೆ ಹೋಗುವುದು ಮರ್ಯಾದಸ್ಥರ ಲಕ್ಷಣವಲ್ಲ. ಆದರೆ ಹತ್ತಿಸಿಕೊಂಡರೆ ಅವರ ಜೊತೆ ಕೆಸರು ಹತ್ತುತ್ತದೆ, ಚೀಲ ಹತ್ತುತ್ತದೆ, ಚೀಲದೊಳಗೆ ಏನಿದೆಯೋ ಯಾರು ಬಲ್ಲರು. ನಾನು ಒಂದು ಉಪಾಯ ಕಂಡುಕೊಂಡೆ. ಹಿಂದಿನ ಸೀಟಿನ ಮೇಲೆ ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳನ್ನು ಪೇರಿಸಿ, ಪಕ್ಕದ ಸೀಟಿನ ಮೇಲೆ ಭೂಗೋಳದ ಗೋಲವನ್ನು ಕೂರಿಸಿದೆ. ಯಾರಾದರೂ ಕೈ ಎತ್ತಿದರೆ ವೇಗ ತಗ್ಗಿಸಿ, ಗೋಲದ ಕಡೆ ಕೈ ತೋರಿಸಿ, ಜಾಗವಿಲ್ಲವೆಂಬಂತೆ ಮುಖ ಕಿವುಚಿ ಹೋಗುತ್ತಿದ್ದೆ. ಇಡೀ ಭೂಮಂಡಲವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದರ ಮೇಲಿನ ಒಬ್ಬ ಮನುಷ್ಯನಿಗೂ ಜಾಗ ಕೊಡದೆ, ಶಾಲೆಗೆ ಹೋಗಿ 'ಇಂಧನದ ಮಿತವ್ಯಯ' ಎಂಬ ಪಾಠ ಮಾಡುತ್ತಿದ್ದೆ. ಸಾಧ್ಯವಾದಷ್ಟು ಸಾರ್ವಜನಿಕ ವಾಹನಗಳನ್ನೇ ಬಳಸಬೇಕು ಎಂದು ಹಲಗೆಯ ಮೇಲೆ ಬರೆಯುವಾಗ ಕಿಟಕಿಯಾಚೆ ನನ್ನ ಕಾರು ಕಾಣುತ್ತಿತ್ತು. ಆ ಕಿಟಕಿಯನ್ನು ಮುಚ್ಚಿಸುತ್ತಿದ್ದೆ.

ಇದೆಲ್ಲದರ ನಡುವೆ ನನಗೆ ಅತ್ಯಂತ ಖುಷಿ ಕೊಟ್ಟ ಸಂಗತಿ ಬೇರೊಂದಿತ್ತು. ಬೆಳಿಗ್ಗೆ ನಾನು ಬಸ್ ಸ್ಟ್ಯಾಂಡ್ ದಾಟುವ ಹೊತ್ತಿಗೆ ಹಮೀದಣ್ಣನ ಜೀಪು ಹೊರಡಲು ಸಿದ್ಧವಾಗಿರುತ್ತಿತ್ತು. ನಾನು ಕೈ ಬೀಸಿ ಮುಂದೆ ಹೋಗುತ್ತಿದ್ದೆ. ಕನ್ನಡಿಯಲ್ಲಿ ನೋಡಿದರೆ ಒಂದೆರಡು ತಿರುವುಗಳ ಹಿಂದೆ ಜೀಪು. ಬಣಕಲ್ಲಿನಲ್ಲಿ ಅದು ನಿಂತಾಗ ಹಿಂದೆ ಬೀಳುತ್ತಿತ್ತು, ಕೊಟ್ಟಿಗೆಹಾರ ದಾಟುವಷ್ಟರಲ್ಲಿ ಮತ್ತೆ ಕನ್ನಡಿಯಲ್ಲಿ ಪ್ರತ್ಯಕ್ಷ. ಆದರೆ ಒಂದು ದಿನವೂ ಅದು ನನ್ನನ್ನು ಹಿಂದಿಕ್ಕಲಿಲ್ಲ. ಆ ರಸ್ತೆಯಲ್ಲಿ ಹಮೀದಣ್ಣನನ್ನು ಹಿಂದೆ ಹಾಕಿದವರಿಲ್ಲವೆಂಬ ಪ್ರತೀತಿ ಇತ್ತು. ನಾನು ಹಾಕಿದ್ದೆ. ಮನೆಯಲ್ಲಿ ಹೆಂಡತಿಗೆ ಹೇಳಿದೆ, ಶಾಲೆಯಲ್ಲಿ ಸಹೋದ್ಯೋಗಿಗಳಿಗೆ ಹೇಳಿದೆ. ಸಂಜೆ ಪೇಟೆಯಲ್ಲಿ ಹಮೀದಣ್ಣ ಸಿಕ್ಕಿದಾಗ, ಸೋತವನನ್ನು ಗೆದ್ದವನು ನೋಡುವ ಔದಾರ್ಯದಿಂದ ನೋಡುತ್ತಿದ್ದೆ. ಅವನು ಮಾತ್ರ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದ: "ಕಾರು ಹೆಂಗುಂಟು ಮೇಷ್ಟ್ರೆ?" ನಾನು ಶಿಷ್ಟಾಚಾರ ಬಿಡದೆ, "ಅದರ ಕತೆ ಕೇಳ್ಬೇಡ, ನಾಳೆಯೇ ನಿಂತರೂ ನಿಂತೀತು" ಎನ್ನುತ್ತಿದ್ದೆ. ಅವನು ಗಂಭೀರವಾಗಿ ತಲೆಯಾಡಿಸುತ್ತಿದ್ದ.

ಗೌರಿಹಬ್ಬದ ಮರುವಾರ ಕಾರು ನನ್ನ ಮಾತನ್ನು ನಡೆಸಿಕೊಟ್ಟಿತು. ಕೊಟ್ಟಿಗೆಹಾರ ದಾಟಿ ಎರಡು ಮೈಲಿ ಹೋಗಿರಬಹುದು, ಏರಿನ ತಿರುವಿನಲ್ಲಿ, ಎಸ್ಟೇಟೊಂದರ ಗೇಟಿನ ಎದುರು, ದೊಡ್ಡದೊಂದು ನಿಟ್ಟುಸಿರು ಬಿಟ್ಟು ನಿಂತುಬಿಟ್ಟಿತು. ಇಳಿದು ಬಾನೆಟ್ ಎತ್ತಿದೆ. ಉಷ್ಣ, ಘರ್ಷಣೆ, ದಹನಕ್ರಿಯೆ ಎಲ್ಲವನ್ನೂ ಪಾಠ ಮಾಡಿದವನು ನಾನು. ಒಳಗೆ ಏನೂ ಅರ್ಥವಾಗಲಿಲ್ಲ. ಮಳೆ ಹುಯ್ಯತೊಡಗಿತು. ಕೊಡೆ ಇರಲಿಲ್ಲ. ಐದು ನಿಮಿಷ ನೆನೆದಿರಬೇಕು, ತಿರುವಿನಲ್ಲಿ ಜೀಪಿನ ದೀಪ ಕಂಡಿತು.

ಕೈ ಎತ್ತುವ ಮೊದಲೇ ಜೀಪು ನನ್ನ ಪಕ್ಕಕ್ಕೆ ಬಂದು ನಿಂತಿತು. ಎಂದಿನಂತೆ ಹಿಂದೆ ಜನ ಒತ್ತಿ ತುಂಬಿದ್ದರು. ಮುಂದಿನ ಸೀಟಿನಲ್ಲಿ ಸುಬ್ಬೇಗೌಡರು ಮೈ ಮುದುಡಿಕೊಂಡು ಕುಳಿತಿದ್ದರು. ಅವರ ಪಕ್ಕದಲ್ಲಿ, ಎಡತುದಿಯಲ್ಲಿ, ಒಬ್ಬರು ಆರಾಮವಾಗಿ ಕೂರುವಷ್ಟು ಜಾಗದಲ್ಲಿ, ಒರಗಿಕೊಂಡು ನನ್ನ ಕೊಡೆ ಕುಳಿತಿತ್ತು.

"ಬನ್ನಿ ಮೇಷ್ಟ್ರೆ, ನಿಮ್ಮ ಸೀಟು ಹಂಗೇ ಉಂಟು" ಎಂದ ಹಮೀದಣ್ಣ.

ನನಗೆ ತಕ್ಷಣ ಅರ್ಥವಾಗಲಿಲ್ಲ. "ಇದು ಇಲ್ಲಿ ಹೇಗೆ?" ಎಂದೆ.

"ಎಲ್ಲಿಗೆ ಹೋಗ್ತದೆ? ಕಾರು ಯಾವತ್ತು ಕೈಕೊಡ್ತದೋ, ಸೀಟು ನನಗೇ ಇರ್ಲಿ ಅಂತ ನೀವೇ ಹೇಳಿದ್ರಲ್ಲ. ಆ ಕಾರು ನಮ್ಮ ಗ್ಯಾರೇಜಿಗೆ ಬರ್ತಿದ್ದದ್ದೇ, ಅದರ ಹಣೆಬರಹ ನಂಗೆ ಗೊತ್ತುಂಟು. ಅದಕ್ಕೇ ನಿಮ್ಮನ್ನು ಮುಂದೆ ಬಿಟ್ಟು ಹಿಂದಿನಿಂದ ಬರ್ತಿದ್ದದ್ದು."

ಅಷ್ಟು ದಿನ ಕನ್ನಡಿಯಲ್ಲಿ ನಾನು ಕಂಡಿದ್ದ ಸೋತ ಜೀಪು ಇದೇ. ನಾನು ಪಂದ್ಯ ಗೆಲ್ಲುತ್ತಿರಲಿಲ್ಲ, ಹಮೀದಣ್ಣ ನನ್ನನ್ನು ಕಾಯುತ್ತಿದ್ದ. ಹದಿನಾಲ್ಕು ಜನರ ಬೆಳಗುಗಳನ್ನು ನನ್ನ ಡಬ್ಬದ ವೇಗಕ್ಕೆ ಹೊಂದಿಸಿಕೊಂಡು, ನಾನು ಸುಳ್ಳೇ ಆಡಿದ ಮಾತನ್ನು ಅವನು ನಿಜವಾಗಿ ನಡೆಸಿದ್ದ.

"ನಿಮ್ಮ ಕೊಡೆ ನಮಗಿಂತ ಸುಖವಾಗಿ ಓಡಾಡ್ತು ಮಾರಾಯ್ರೆ. ಮಾತೊಂದು ಕಮ್ಮಿ, ಇಲ್ದಿದ್ರೆ ನಿಮ್ಮ ಹಾಗೇ" ಎಂದರು ಸುಬ್ಬೇಗೌಡರು. ಅವರಿಗೆ ನಗು. ನಗಬೇಕೆಂದು ನಾನೂ ಮುಖ ಎತ್ತಿದೆ, ಅಷ್ಟರಲ್ಲಿ ಹಿಂದಿನ ಹಲಗೆಯ ತುದಿಯಲ್ಲಿ ಲೀಲಕ್ಕ ಕಂಡರು. ಒಂದು ಕಾಲನ್ನು ಬಾಳೆಗೊನೆಯ ಮೇಲೆ ನೀಡಿ, ಎರಡೂ ಕೈಯಲ್ಲಿ ಮಂಡಿಯನ್ನು ಒತ್ತಿ ಹಿಡಿದು ಕುಳಿತಿದ್ದರು. ಟಾರ್ಪಾಲಿನ ಸಂದಿನಿಂದ ನೀರು ಅವರ ಹೆಗಲಿಗೆ ಸುರಿಯುತ್ತಿತ್ತು.

"ಲೀಲಕ್ಕ, ನೀವಾದರೂ ಮುಂದೆ ಕೂರಬಹುದಿತ್ತಲ್ಲ" ಎಂದೆ.

"ಹಮೀದಣ್ಣ ಹೇಳಿದ್ರು. ನಾನೇ ಬೇಡ ಅಂದೆ" ಎಂದರು ಅವರು, ತಪ್ಪು ತಮ್ಮದೇ ಎಂಬ ಹಾಗೆ. "ನಡುವೆ ನೀವು ಹತ್ತಿದ್ರೆ ನಾನು ಇಳಿದು ಹಿಂದೆ ಹತ್ತಬೇಕಲ್ಲ. ಈ ಮಂಡಿಗೆ ಕೂರೋದು ಕಷ್ಟ ಅಲ್ಲ ಮೇಷ್ಟ್ರೆ, ಎರಡೆರಡು ಸಲ ಹತ್ತಿ ಇಳಿಯೋದು ಕಷ್ಟ. ಪರವಾಗಿಲ್ಲ, ಹತ್ತಿ, ನೆನೀತಿದ್ದೀರಿ."

ಓದುಗ ಮಿತ್ರರೇ, ನಾಚಿಕೆಯಾಯಿತು ಎಂದರೆ ಕಡಿಮೆಯಾದೀತು. ಅಳು ಬಂತು, ಮಳೆಯಲ್ಲಿ ನಿಂತಿದ್ದರಿಂದ ಯಾರಿಗೂ ತಿಳಿಯಲಿಲ್ಲ, ಅಷ್ಟೆ. ಎರಡೂವರೆ ತಿಂಗಳು ಆ ಹೆಂಗಸು ಊರ ಮಕ್ಕಳಿಗೆ ಮದ್ದು ಹಾಕಲು ಹೋಗುವಾಗೆಲ್ಲ ನನ್ನ ವಿನಯದ ಭಾರವನ್ನು ತಮ್ಮ ಮಂಡಿಯಲ್ಲಿ ಹೊತ್ತಿದ್ದರು. ಅದೇ ರಸ್ತೆಯಲ್ಲಿ, ಅದೇ ಹೊತ್ತಿಗೆ, ಅವರ ಸ್ವಲ್ಪ ಮುಂದೆ, ಮೆತ್ತನೆಯ ಸೀಟಿನ ಮೇಲೆ ಒಂದು ರಟ್ಟಿನ ಗೋಲ ಸುಖವಾಗಿ ಸವಾರಿ ಮಾಡುತ್ತಿತ್ತು. ಅವರು ದಿನವೂ ಕಾಯುತ್ತಿದ್ದ ಬಣಕಲ್ಲಿನ ಮರದಡಿಯನ್ನು ನಾನು ಗಾಜು ಏರಿಸಿಕೊಂಡು ದಾಟುತ್ತಿದ್ದೆ. ಅವರು ಒಂದು ದಿನವೂ ಕೈ ಎತ್ತಿರಲಿಲ್ಲ. ಎತ್ತಿದ್ದರೆ ಅವರಿಗೂ ಭೂಗೋಳವನ್ನು ತೋರಿಸಿ ಮುಂದೆ ಹೋಗುತ್ತಿದ್ದೆನೋ ಏನೋ, ಇಂದಿಗೂ ನನಗೆ ಭರವಸೆಯಿಲ್ಲ.

ಕೊಡೆ ಎತ್ತಿಕೊಂಡೆ. ಈ ಸೀಟು ಇನ್ನು ನಿಮ್ಮದು, ನಾನು ನಡುವೆ ಹತ್ತುವುದೂ ಇಲ್ಲ, ನಿಮ್ಮನ್ನು ಎಬ್ಬಿಸುವುದೂ ಇಲ್ಲ ಎಂದು ಲೀಲಕ್ಕನಿಗೆ ಹೇಳಿದೆ. ಅವರು ಬೇಡವೆಂದರು, ಶಿಷ್ಟಾಚಾರಕ್ಕೆ. ನನಗೀಗ ಶಿಷ್ಟಾಚಾರದ ಬೆಲೆ ಗೊತ್ತಾಗಿತ್ತಾದ್ದರಿಂದ ಆ ಮಾತನ್ನು ನಂಬದೆ, ಕೈ ಹಿಡಿದು ಇಳಿಸಿ ಮುಂದೆ ಕೂರಿಸಿದೆ. ಹಲಗೆಯ ತುದಿಯಲ್ಲಿ ನಾನು ಕುಳಿತೆ. ಅಲ್ಲಿ ಕುಳಿತವರಿಗೆ ಬರುವ ದಾರಿ ಕಾಣುವುದಿಲ್ಲ, ಬಿಟ್ಟುಬಂದ ದಾರಿ ಮಾತ್ರ ಕಾಣುತ್ತದೆ. ಮಳೆಯಲ್ಲಿ ಬಾನೆಟ್ ತೆರೆದುಕೊಂಡು ನಿಂತಿದ್ದ ನನ್ನ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅದನ್ನೇ ನೋಡುತ್ತಿದ್ದೆ.

ಆಮೇಲೆ ನಾನು ಕಾರು ಮಾರಿ ವೈರಾಗಿಯಾದೆನೆಂದು ಭಾವಿಸಬೇಡಿ; ಅಷ್ಟು ದೊಡ್ಡ ಮನಸ್ಸನ್ನು ದೇವರು ನನಗೆ ಕೊಟ್ಟಿಲ್ಲ. ಹಮೀದಣ್ಣ ಅದನ್ನು ರಿಪೇರಿ ಮಾಡಿಕೊಟ್ಟ. ಪೋಲಿಯೋ ಹನಿ ಹಾಕುವ ದಿನಗಳಲ್ಲಿ ಅದರಲ್ಲಿ ಲೀಲಕ್ಕ, ಅವರ ಡಬ್ಬಿ, ದಾರಿಯಲ್ಲಿ ಸಿಕ್ಕಿದವರು ಎಲ್ಲರೂ ತುಂಬಿಕೊಂಡು ಹೋಗುತ್ತಿದ್ದೆವು. ಭೂಗೋಳ ಶಾಲೆಯ ಕಪಾಟಿಗೆ ಮರಳಿತು. ಒಂದು ದಿನ ಸುಬ್ಬೇಗೌಡರ ಹೇಂಟೆಯೂ ಹತ್ತಿ, ಹಿಂದಿನ ಸೀಟಿನ ಮೇಲೆ ತನ್ನ ಹಳೆಯ ಅಭಿಪ್ರಾಯದಲ್ಲಿ ಬದಲಾವಣೆಯಿಲ್ಲವೆಂದು ತಿಳಿಸಿತು. ಉಳಿದ ದಿನಗಳಲ್ಲಿ ನನಗೆ ಜೀಪೇ. ಬೆಳಿಗ್ಗೆ ಮೂಡಿಗೆರೆಯಲ್ಲಿ ಮುಂದಿನ ಸೀಟಿನ ಎಡತುದಿಯಲ್ಲಿ ಕೊಡೆ ಇಟ್ಟು, ನಾನು ಹಿಂದೆ ಹೋಗಿ ಕೂರುತ್ತಿದ್ದೆ. ಬಣಕಲ್ಲಿನಲ್ಲಿ ಲೀಲಕ್ಕ ಹತ್ತಿ, ಕೊಡೆಯನ್ನು ಹಿಂದಕ್ಕೆ ಕೊಟ್ಟು ಕೂರುತ್ತಿದ್ದರು. ಹೀಗೆ ಏಳೆಂಟು ವರ್ಷ. ಪುರವಣಿಯವರು ಖಾಲಿ ಸೀಟು ತುಂಬುವುದು ಹೇಗೆಂದು ಚೆನ್ನಾಗಿಯೇ ಬರೆದಿದ್ದಾರೆ. ತುಂಬಿದ ಜೀಪಿನಲ್ಲಿ ಇನ್ನೂ ಬಾರದ ಒಬ್ಬರಿಗಾಗಿ ಒಂದು ಸೀಟನ್ನು ಖಾಲಿ ಇಡುವುದು ಹೇಗೆಂದು ಅವರಿಗೆ ತಿಳಿಯದಿದ್ದರೆ, ಒಮ್ಮೆ ನಮ್ಮ ಬಸ್ ಸ್ಟ್ಯಾಂಡಿಗೆ ಬರಬಹುದು.

ಕಳೆದ ವರ್ಷ ಲೀಲಕ್ಕ ನಿವೃತ್ತರಾದರು. ಮರುದಿನ ಬೆಳಿಗ್ಗೆ ಕೈ ತನ್ನ ಅಭ್ಯಾಸದಂತೆ ಕೊಡೆಯನ್ನು ಮುಂದಿನ ಸೀಟಿನಲ್ಲಿಟ್ಟಿತು, ನಾನು ಹಿಂದೆ ಹೋಗಿ ಕುಳಿತೆ. ಬಣಕಲ್ಲಿನ ಮರದಡಿ ಹಮೀದಣ್ಣ ಜೀಪು ನಿಲ್ಲಿಸಿದ. ಅಲ್ಲಿ ಯಾರೂ ಇರಲಿಲ್ಲ. ಇರುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ಆದರೂ ಸ್ವಲ್ಪ ಹೊತ್ತು ಗೇರು ಹಾಕಲಿಲ್ಲ. ಕೊನೆಗೆ ಸುಬ್ಬೇಗೌಡರು ತಿರುಗಿ ನನ್ನ ಕಡೆ ನೋಡಿದರು. ನನ್ನ ತಲೆ ಪೂರ್ತಿ ನರೆತದ್ದನ್ನು, ಜೀಪು ಹತ್ತುವಾಗ ನಾನು ಸರಳು ಹಿಡಿದು ಒಮ್ಮೆ ನಿಲ್ಲುವುದನ್ನು ಅವರು ಎಂದಿನಿಂದ ಗಮನಿಸುತ್ತಿದ್ದರೋ ತಿಳಿಯದು. "ಮೇಷ್ಟ್ರೆ, ನಿಮ್ಮ ಮಂಡಿ ಹೆಂಗುಂಟು?" ಎಂದರು.

ನನ್ನ ಮಂಡಿ ಆಗಲೇ ಎರಡು ವರ್ಷದಿಂದ ನೋಯುತ್ತಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. "ಅದಕ್ಕೆಂತ ಆಗಿದೆ, ಕಲ್ಲಿನ ಹಾಗಿದೆ" ಎಂದುಬಿಟ್ಟೆ.

ಹಮೀದಣ್ಣ ಗಂಭೀರವಾಗಿ ತಲೆಯಾಡಿಸಿ ಗೇರು ಹಾಕಿದ. ಜಾವಳಿಯವರೆಗೆ ಮುಂದಿನ ಸೀಟಿನಲ್ಲಿ ಕೊಡೆ ಹೋಯಿತು, ಹಿಂದಿನ ಹಲಗೆಯ ತುದಿಯಲ್ಲಿ ಮಂಡಿ ಹಿಡಿದುಕೊಂಡು ನಾನು ಹೋದೆ.